‘ರೆಸ್ಟ್’ ಎಂದು ಬರೆದುಕೊಟ್ಟರೆ ಸಾಲದು

ಇಲ್ಲಿ ಬ್ರಿಟನ್ನಿನಲ್ಲಿ ಏಳು ದಿನಕ್ಕಿಂತ ಹೆಚ್ಚು ಕಾಯಿಲೆ ರಜೆ ಬೇಕಾದರೆ ವೈದ್ಯರು ಬರೆದ ‘ಫಿಟ್ ನೋಟ್’ ಎಂಬ ಚೀಟಿ ಕೊಡಬೇಕು. 2010ರಲ್ಲಿ ಬಂದ ಈ ಚೀಟಿಯಲ್ಲಿ ‘ಕೆಲಸ ಆಗದು’ ಎಂಬುದರ ಜೊತೆಗೆ ‘ಹೀಗೆ ಬದಲಿಸಿದರೆ ಆದೀತು’ ಎಂಬ ಖಾನೆಯೂ ಇದೆ: ಹಂತಹಂತವಾಗಿ ಮರಳುವುದು, ಬೇರೆ ಹೊತ್ತು, ಬೇರೆ ಕೆಲಸ, ಜಾಗ–ಸಲಕರಣೆಯ ಹೊಂದಾಣಿಕೆ. 2022ರ ಜುಲೈನಿಂದ ನರ್ಸ್, ಫಿಸಿಯೋಥೆರಪಿಸ್ಟ್, ಫಾರ್ಮಸಿಸ್ಟ್‌ಗಳೂ ಇದನ್ನು ಬರೆಯಬಹುದು. ಆದರೂ ನೂರಕ್ಕೆ 90ಕ್ಕೂ ಹೆಚ್ಚು ಚೀಟಿಗಳಲ್ಲಿ ‘ಆಗದು’ ಎಂದೇ ಇರುತ್ತದೆ. ರೋಗಿಯ ಕೆಲಸ ಎಂಥದ್ದೆಂದು ವಿಚಾರಿಸುವ ಅಭ್ಯಾಸವಿಲ್ಲದವರ ಕೈಯಲ್ಲಿ ಎಷ್ಟು ಖಾನೆಗಳಿದ್ದರೂ ಅಷ್ಟೇ.

ನಮ್ಮ ಭಾರತದಲ್ಲಿ ಎಂಬಿಬಿಎಸ್ ಆದ ಮೇಲೆ ಕೈಗಾರಿಕಾ ಆರೋಗ್ಯದ ಮೂರು ತಿಂಗಳ ಎಎಫ್‌ಐಎಚ್ ಕೋರ್ಸ್ ಇದೆ, ಒಳ್ಳೆಯದೇ. ಆದರೆ ಅದನ್ನು ಓದುವವರು ಕಾರ್ಖಾನೆ ವೈದ್ಯರು. ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಗಳು ಭುಜನೋವೆಂದು ಹೋಗುವುದು ಮನೆ ಹತ್ತಿರದ ಕ್ಲಿನಿಕ್ಕಿಗೆ. ಅಲ್ಲಿ ಮಾತ್ರೆ, ‘ಒಂದು ವಾರ ರೆಸ್ಟ್’. ವಾರ ಕಳೆದು ಅದೇ ಮಷೀನು, ಅದೇ ಎತ್ತರದ ಕುರ್ಚಿ, ಅದೇ ನೋವು. ಇಎಸ್‌ಐ ಕಾಯಿಲೆ ಭತ್ಯೆ ಕೂಲಿಯ ಶೇ. 70, ವರ್ಷಕ್ಕೆ 91 ದಿನ. ಅದೂ ಪೂರ್ತಿ ರಜೆಗೆ ಮಾತ್ರ. ಅರ್ಧ ದಾರಿಯ ಕೆಲಸಕ್ಕೆ ಅದರಲ್ಲಿ ಜಾಗವಿಲ್ಲ.

ವೈದ್ಯರಿಗೆ ಕಲಿಸಬೇಕಾದದ್ದು ಬಹಳವೇನಿಲ್ಲ. ಏನು ಕೆಲಸ ಎಂದರೆ ‘ಕಂಪನಿ ಕೆಲಸ’ ಎಂಬ ಉತ್ತರ ಬರುತ್ತದೆ, ಅಲ್ಲಿಗೇ ನಿಲ್ಲಬಾರದು. ಎಷ್ಟು ಭಾರ, ಗಂಟೆಗೆ ಎಷ್ಟು ಸಲ, ಕೈ ಭುಜಕ್ಕಿಂತ ಮೇಲೆ ಹೋಗುತ್ತದೆಯೇ, ಧೂಳು ಯಾವುದು, ವಾರದ ರಜೆಯಲ್ಲಿ ಕಡಿಮೆಯಾಗುತ್ತದೆಯೇ? ಈ ಕೊನೆಯ ಪ್ರಶ್ನೆ ಕೇಳದಿದ್ದರೆ ಕೆಲಸದಿಂದ ಬಂದ ಅಸ್ತಮಾ ತಿಳಿಯುವುದೇ ಇಲ್ಲ. ಕಲ್ಲಿನ ಧೂಳು ಶ್ವಾಸಕೋಶ ಸೇರಿ ಕಲ್ಲು ಕೆಲಸದವರಿಗೆ ಬರುವ ಸಿಲಿಕೋಸಿಸ್ ಅನ್ನು ಕ್ಷಯವೆಂದುಕೊಂಡು ತಿಂಗಳುಗಟ್ಟಲೆ ಔಷಧ ಕೊಡುವುದೂ ಹೀಗೆಯೇ. ಕೋಲಾರದ ಚಿನ್ನದ ಗಣಿ ಕಂಡ ನಾಡಿನಲ್ಲಿ ಇದು ಆಗಬಾರದು. ಕೆಲಸದಿಂದ ಬರುವ 29 ರೋಗಗಳ ಪಟ್ಟಿ 1948ರ ಕಾರ್ಖಾನೆ ಕಾಯ್ದೆಯಲ್ಲಿತ್ತು, ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆ–ಆರೋಗ್ಯ ಸಂಹಿತೆಯಲ್ಲೂ ಇದೆ. ಕಂಡ ವೈದ್ಯರು ಸರ್ಕಾರಕ್ಕೆ ವರದಿ ಮಾಡಲೇಬೇಕು.

ಆಮೇಲೆ ಚೀಟಿ ಬರೆಯುವುದು. ‘ಲೈಟ್ ವರ್ಕ್’ ಎಂದರೆ ಸೂಪರ್‌ವೈಸರಿಗೆ ಏನೂ ತಿಳಿಯದು. ‘ಆರು ವಾರ ಭುಜಕ್ಕಿಂತ ಮೇಲೆ ಕೈ ಎತ್ತುವ ಕೆಲಸ ಬೇಡ, 5 ಕೆಜಿ ಮೀರಿದ ಭಾರ ಬೇಡ, ಗಂಟೆಗೊಮ್ಮೆ ಐದು ನಿಮಿಷ ಬಿಡುವು’ ಎಂದರೆ ತಿಳಿಯುತ್ತದೆ. ಗರ್ಭಕೋಶದ ತೊಂದರೆಯೋ ಮನಸ್ಸಿನ ಕಾಯಿಲೆಯೋ, ಮಾಲೀಕರಿಗೆ ಹೇಳಬೇಕಿಲ್ಲ. ಏನು ಮಾಡಬಹುದು, ಎಷ್ಟು ದಿನ ಎಂಬುದಷ್ಟೇ ಸಾಕು.

ನರ್ಸಿಂಗ್, ಫಿಸಿಯೋಥೆರಪಿ ವಿದ್ಯಾರ್ಥಿಗಳನ್ನೂ ಇಂಟರ್ನಿಗಳ ಜೊತೆ ಒಂದು ಪಾಳಿ ಹೊಲಿಗೆ ಲೈನಿನ ಪಕ್ಕ ನಿಲ್ಲಿಸಿ, ಕಂಡದ್ದನ್ನು ಇಟ್ಟುಕೊಂಡೇ ಇಂಥ ಚೀಟಿ ಬರೆಸಿ ತಿದ್ದಬೇಕು.