ಶೀಟಿನ ಮೇಲೆ ಮಳೆ ಜೋರಾದರೆ ನಮ್ಮ ಅತ್ತೆಗೆ ನಿದ್ದೆ ಇಲ್ಲ

ನಿದ್ದೆ ಕೆಟ್ಟರೆ ಹಳೆಯ ಭಯ ಬೇಗ ಮಾಸುವುದಿಲ್ಲ ಎಂದು ಒಂದು ಲೇಖನದಲ್ಲಿ ಓದಿದಾಗ ನಮ್ಮ ಅತ್ತೆ ನೆನಪಾದರು. ನಾವು ಮಡಿಕೇರಿ ಹತ್ತಿರದವರು. 2018ರ ಆಗಸ್ಟ್‌ನಲ್ಲಿ ಮನೆ ಹಿಂದಿನ ಬರೆ (ಗುಡ್ಡದ ಕಡಿದಾದ ಮಣ್ಣಿನ ಇಳಿಜಾರು) ಜಾರಿ ಅರ್ಧ ತೋಟ ಹೋಯಿತು. ಇವತ್ತಿಗೂ ಮಳೆ ಜೋರಾದರೆ ಅತ್ತೆ ಟಾರ್ಚ್ ಹಿಡಿದು ಹಿಂಬಾಗಿಲಿಗೆ ಹೋಗಿ ಬರೆ ನೋಡಿ ಬರುತ್ತಾರೆ. ದಿಂಬಿನ ಪಕ್ಕ ಒಂದು ಚೀಲ. ಅದರಲ್ಲಿ ಆಧಾರ್, ಪಾಸ್‌ಬುಕ್, ಬಿಪಿ ಮಾತ್ರೆ. "ಮಲಗಿ ಅತ್ತೆ" ಅಂದರೆ "ಎಲ್ಲರೂ ಮಲಗಿದರೆ ಆಗುತ್ತದಾ?" ಅಂತಾರೆ.

ಒಂದು ಮಾತು ಸೇರಿಸುತ್ತೇನೆ. ಭಯ ಹೋಗುವುದು ಅಂದರೆ ಹಳೆಯ ನೆನಪು ಅಳಿಸಿ ಹೋಗುವುದಲ್ಲ. 'ಈ ಸದ್ದು ಬಂದರೂ ಏನೂ ಆಗಲಿಲ್ಲ' ಅಂತ ಮೆದುಳು ಹೊಸದಾಗಿ ಕಲಿಯಬೇಕು. ಆ ಪಾಠ ಗಟ್ಟಿಯಾಗಲು ನಿದ್ದೆ ಬೇಕು. ಅದರಲ್ಲೂ ಕನಸು ಜಾಸ್ತಿ ಬೀಳುವ ರೆಮ್ ನಿದ್ದೆಗೆ ಇದರಲ್ಲಿ ದೊಡ್ಡ ಪಾತ್ರ ಇದೆ ಎನ್ನುತ್ತಾರೆ. ಅದು ಹೆಚ್ಚು ಬರುವುದು ಬೆಳಗಿನ ಜಾವದ ಕಡೆ. ಅತ್ತೆ ಎದ್ದು ಕೂರುವುದೂ ಸರಿಯಾಗಿ ಮೂರು ಗಂಟೆಗೇ!

ನಮ್ಮ ಕಡೆ ಗಂಡಸರು ಇದಕ್ಕೆ ಒಂದು ಪೆಗ್ ಹಾಕಿ ಮಲಗುತ್ತಾರೆ (ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ, ಹೆಸರು ಬೇಡ). ನಿದ್ದೆ ಬೇಗ ಹತ್ತುತ್ತದೆ ನಿಜ, ಆದರೆ ಕುಡಿತ ರೆಮ್ ನಿದ್ದೆಯನ್ನೇ ಕಡಿಮೆ ಮಾಡುತ್ತದೆ.

ಭೂಕುಸಿತದ ಪರಿಹಾರ ಅಂದರೆ ಮನೆ, ದುಡ್ಡು ಅಷ್ಟೇ ಲೆಕ್ಕ. ನಿದ್ದೆ ಹೇಗಿದೆ ಅಂತ ಯಾರೂ ಕೇಳಲಿಲ್ಲ. ಕಳೆದ ತಿಂಗಳು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚಿ ಅತ್ತೆ ಕೈಗೆ ಕೊಟ್ಟೆ. ಅವರು ಮೊದಲು ಹೇಳಿದ್ದು ಬರೆಯ ವಿಷಯ ಅಲ್ಲ, ಮಣ್ಣಲ್ಲಿ ಹೋದ ಕರಿಮೆಣಸಿನ ಬಳ್ಳಿಗಳ ವಿಷಯ.