ಅಣ್ಣ ಪ್ಲೇಟ್ ಸೇರಿಸುತ್ತಾನೆ, ನಾನು ಗಾಡಿ ಇಳಿಸುತ್ತೇನೆ

"ಲೋಡ್ ಹಾಕು, ತಾನಾಗೇ ಇಳಿಯುತ್ತೆ ಕಣೋ. ಅದಕ್ಯಾಕೆ ಇಷ್ಟು ಒದ್ದಾಟ?"

ನನ್ನ ಪಿಕಪ್‌ನ ಹಿಂಭಾಗವನ್ನು 4 ಇಂಚು ಕೆಳಗಿಳಿಸುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ ಅಣ್ಣ ಕೊಟ್ಟ ಉತ್ತರ ಇದು. ಅವನದೂ ಪಿಕಪ್ಪೇ. ಊರಿನಲ್ಲಿ ಬಾಡಿಗೆಗೆ ಓಡಿಸುತ್ತಾನೆ. ಗಾಡಿ ಬಂದ ವಾರದಲ್ಲೇ ಹಿಂದಿನ ಕಮಾನಿಗೆ, ಅಂದರೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳ ಕಟ್ಟಿಗೆ, ಎರಡು ಪ್ಲೇಟ್ ಜಾಸ್ತಿ ಹಾಕಿಸಿದ್ದ. ಖಾಲಿ ಇದ್ದಾಗ ಅದರ ಹಿಂಭಾಗ ಎದ್ದು ನಿಂತಿರುತ್ತದೆ, ಇನ್ನೇನು ಜಿಗಿಯಲಿರುವ ಕಪ್ಪೆಯ ಹಾಗೆ. ಅವನಿಗೆ ಅದೇ ಚೆಂದ. ಹಿಂದೆ ಎದ್ದ ಗಾಡಿ ಅಂದರೆ ದುಡಿಯುವ ಗಾಡಿ.

ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ಉಲ್ಟಾ. ಇಲ್ಲಿ ಗಾಡಿ ನೆಲಕ್ಕೆ ಹತ್ತಿರವಾದಷ್ಟೂ ಮರ್ಯಾದೆ. ಲಾಸ್ ಏಂಜಲೀಸ್ ಸುತ್ತಮುತ್ತಲಿನ ಮೆಕ್ಸಿಕನ್ ಮೂಲದ ಹುಡುಗರು ಎರಡನೇ ಮಹಾಯುದ್ಧ ಮುಗಿದ ಕಾಲದಲ್ಲಿ ಹಳೆಯ ಕಾರುಗಳನ್ನು ತಗ್ಗಿಸಿ, ನಿಧಾನವಾಗಿ ಓಡಿಸಿಕೊಂಡು ಹೋಗುವುದನ್ನೇ ಒಂದು ಕಲೆ ಮಾಡಿಕೊಂಡರು. ಲೋರೈಡರ್ ಎನ್ನುವ ಹೆಸರು ಬಂದದ್ದು ಹಾಗೆ. ಶುರುವಿನಲ್ಲಿ ಅವರು ಮಾಡಿದ್ದೇನು ಗೊತ್ತಾ? ಡಿಕ್ಕಿಗೆ ಮರಳು ಮೂಟೆ ಹಾಕಿದ್ದು! ಅಣ್ಣನ ಐಡಿಯಾ ಅಷ್ಟೇನೂ ಹೊಸದಲ್ಲ. 1950ರ ದಶಕದ ಕೊನೆಯಲ್ಲಿ ಸರ್ಕಾರ ಇದಕ್ಕೆ ಕಡಿವಾಣ ಹಾಕಿತು. ಗಾಡಿಯ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗೆ ಬರುವಂತೆ ಮಾರ್ಪಾಡು ಮಾಡಬಾರದು ಅಂತ ಕಾನೂನು. ಅದನ್ನು ತೆಗೆದುಹಾಕಿದ್ದು ತೀರಾ ಇತ್ತೀಚೆಗೆ, 2024ರ ಜನವರಿ 1ರಿಂದ. ಪಿಕಪ್‌ಗಳ ಸರದಿ ಬಂದದ್ದು 80, 90ರ ದಶಕದಲ್ಲಿ. ಮಜ್ದಾ, ನಿಸ್ಸಾನ್, ಟೊಯೋಟದ ಸಣ್ಣ ಪಿಕಪ್‌ಗಳನ್ನು ತಗ್ಗಿಸುವ ಹುಚ್ಚು ಆಗ ಜೋರಾಗಿತ್ತು.

ನನ್ನದು 90ರ ದಶಕದ ಶೆವ್ರೊಲೆ. ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವಂಥದ್ದು. ಇದನ್ನು ಯಾಕೆ ಇಳಿಸಿದೆ ಎಂದರೆ ದೊಡ್ಡ ಕಾರಣವೇನೂ ಇಲ್ಲ. ಪಿಕಪ್‌ಗಳನ್ನು ಹಿಂದೆ ಸ್ವಲ್ಪ ಎತ್ತರವಾಗಿಯೇ ಮಾಡಿರುತ್ತಾರೆ, ಲೋಡ್ ಬಿದ್ದಾಗ ಸಮವಾಗಲಿ ಅಂತ. ನನ್ನ ಗಾಡಿಯಲ್ಲಿ ಲೋಡ್ ಬೀಳುವುದು ತಿಂಗಳಿಗೊಮ್ಮೆ. ಉಳಿದ ದಿನವೆಲ್ಲ ಮೂಗು ತಗ್ಗಿಸಿಕೊಂಡೇ ಓಡಾಡುತ್ತಿತ್ತು. ಅದಕ್ಕೆ ಮುಂದೆ 2 ಇಂಚು, ಹಿಂದೆ 4 ಇಂಚು. ಸಾಮಾನು ಎತ್ತಿ ಹಾಕುವಾಗ ಸೊಂಟಕ್ಕೆ ಸ್ವಲ್ಪ ಆರಾಮ ಎಂದೂ ಹೇಳಬಹುದು. ಆದರೆ ಸತ್ಯ ಹೇಳಬೇಕೆಂದರೆ ಚೆಂದಕ್ಕೇ ಇಳಿಸಿದ್ದು.

ಊರಿನಲ್ಲಿ ಈ ಕೆಲಸವನ್ನು ಯಾರೂ ಮನೆಯಲ್ಲಿ ಮಾಡುವುದಿಲ್ಲ. ಗ್ಯಾರೇಜಿಗೆ ಬಿಟ್ಟು ಬೆಂಚಿನ ಮೇಲೆ ಕೂತರೆ ಆಯ್ತು. ಗಾಡಿ ಕೆಳಗೆ ನುಗ್ಗಿದ ಹುಡುಗ ಕಣ್ಣಳತೆಯಲ್ಲೇ ಎಲ್ಲ ಮುಗಿಸಿಬಿಡುತ್ತಾನೆ. ಆ ಕಣ್ಣಳತೆ ನನಗೆ ಈ ಜನ್ಮಕ್ಕೆ ಬರುವುದಿಲ್ಲ. ಇಲ್ಲಿ ಕೂಲಿಯೇ ಭಾರ, ಹಾಗಾಗಿ ಮನೆ ಮುಂದಿನ ಕಾಂಕ್ರೀಟ್ ಜಾಗವೇ ಗ್ಯಾರೇಜು. ನನ್ನಲ್ಲಿ ಇಲ್ಲದ ಟೂಲ್ ಬೇಕಾದರೆ ಬಿಡಿಭಾಗದ ಅಂಗಡಿಯವರು ಠೇವಣಿ ಇಟ್ಟುಕೊಂಡು ಕೊಡುತ್ತಾರೆ, ವಾಪಸ್ ಕೊಟ್ಟಾಗ ಠೇವಣಿಯೂ ವಾಪಸ್. ಕಣ್ಣಳತೆ ಇಲ್ಲದವನು ಎಲ್ಲವನ್ನೂ ಅಳೆಯಲೇಬೇಕು. ಆ ಅಳತೆಯಿಂದಲೇ ನನಗೆ ನಾಲ್ಕು ವಿಷಯ ತಲೆಗೆ ಹೋಗಿದ್ದು.

ಮೊದಲು ನಾನು ಮಾಡಲು ಹೊರಟಿದ್ದೇ ತಪ್ಪು. ಪಕ್ಕದ ಮನೆಯವರ ಹಳೆಯ ಟೊಯೋಟ ಪಿಕಪ್‌ನಲ್ಲಿ ಆಕ್ಸಲ್‌ಗೂ (ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಅಚ್ಚು) ಪ್ಲೇಟ್‌ಗೂ ನಡುವೆ 3 ಇಂಚಿನ ಅಲ್ಯೂಮಿನಿಯಂ ಬ್ಲಾಕ್ ಕೂರಿಸಿದ್ದರು. ಅಗ್ಗ, ಒಂದು ಮಧ್ಯಾಹ್ನದ ಕೆಲಸ. ನಾನೂ ಅದನ್ನೇ ತರಿಸುವವನಿದ್ದೆ. ಒಮ್ಮೆ ಗಾಡಿ ಕೆಳಗೆ ಮಲಗಿ ನೋಡಿದೆ, ಬಚಾವಾದೆ. ಅವರ ಗಾಡಿಯಲ್ಲಿ ಆಕ್ಸಲ್ ಪ್ಲೇಟ್‌ಗಳ ಮೇಲೆ ಕೂತಿದೆ. ನಡುವೆ ಬ್ಲಾಕ್ ಇಟ್ಟರೆ ಆಕ್ಸಲ್ ಮೇಲೇರುತ್ತದೆ, ಅಂದರೆ ಗಾಡಿ ಇಳಿಯುತ್ತದೆ. ನನ್ನದರಲ್ಲಿ ಆಕ್ಸಲ್ ಪ್ಲೇಟ್‌ಗಳ ಕೆಳಗಿದೆ. ಅದೇ ಬ್ಲಾಕ್ ಇಟ್ಟಿದ್ದರೆ ಗಾಡಿ ಇನ್ನೂ 3 ಇಂಚು ಎದ್ದು, ಅಣ್ಣನ ಗಾಡಿಯ ತಮ್ಮನಾಗುತ್ತಿತ್ತು.

ನನ್ನಂಥ ಗಾಡಿಗೆ ದಾರಿ ಎರಡು. ಒಂದು, ಆಕ್ಸಲ್ಲನ್ನೇ ಕೆಳಗಿನಿಂದ ತೆಗೆದು ಪ್ಲೇಟ್‌ಗಳ ಮೇಲೆ ಕೂರಿಸುವುದು. ಇದಕ್ಕೆ ಫ್ಲಿಪ್ ಅನ್ನುತ್ತಾರೆ. ಒಂದೇ ಏಟಿಗೆ 5, 6 ಇಂಚು ಇಳಿಯುತ್ತದೆ. ಆಗ ಆಕ್ಸಲ್‌ಗೂ ಚಾಸಿಗೂ, ಅಂದರೆ ಗಾಡಿಯ ಉಕ್ಕಿನ ಚೌಕಟ್ಟಿಗೂ, ನಡುವೆ ಜಾಗವೇ ಉಳಿಯುವುದಿಲ್ಲ. ಆಕ್ಸಲ್‌ನ ನೇರಕ್ಕೆ ಚಾಸಿಯನ್ನು ಅರ್ಧಚಂದ್ರದ ಹಾಗೆ ಕತ್ತರಿಸಿ, ದಪ್ಪ ಉಕ್ಕಿನ ಪಟ್ಟಿ ಕೊಟ್ಟು ಬಲಪಡಿಸಬೇಕು. ಮನೆಯಲ್ಲೇ ಚಾಸಿ ಕೊಯ್ಯುವ ಧೈರ್ಯವಂತರೂ ಇದ್ದಾರೆ. ನನಗೆ ಆ ಧೈರ್ಯ ಇಲ್ಲ. ಇರಬೇಕು ಅಂತಲೂ ಅನಿಸುವುದಿಲ್ಲ. ಒಂದು ಮಂಚ ಹಾಕಿದರೂ ಹೆದರುವ ಪಿಕಪ್ ಯಾಕೆ ಬೇಕು, ಕಾರೇ ತಗೋಬಹುದಲ್ವಾ?

ಇನ್ನೊಂದು, ಪ್ಲೇಟ್‌ಗಳನ್ನು ಮುಟ್ಟದೆ ಅವುಗಳ ಎರಡು ತುದಿಗಳನ್ನು ಸರಿಸುವುದು. ಮುಂದಿನ ತುದಿ ಚಾಸಿಯ ಹ್ಯಾಂಗರ್ ಎಂಬ ಬ್ರಾಕೆಟ್‌ನಲ್ಲಿ, ಹಿಂದಿನ ತುದಿ ಶ್ಯಾಕಲ್ ಎಂಬ ಅಲ್ಲಾಡುವ ಕೊಂಡಿಯಲ್ಲಿ. ಎರಡನ್ನೂ ಬದಲಿಸಿದರೆ ತಲಾ 2 ಇಂಚಿನ ಹಾಗೆ ಒಟ್ಟು 4. ನಾನು ಆರಿಸಿಕೊಂಡದ್ದು ಇದು.

ಕೆಲಸಕ್ಕೆ ಇಳಿಯುವ ಮೊದಲು ಒಂದು ಮಾತು. ಜಾಕ್ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಚಾಸಿಯ ಎರಡೂ ಬದಿಗೆ ಸ್ಟ್ಯಾಂಡ್ ನಿಲ್ಲಿಸಿ, ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿದ ಮೇಲೆಯೇ ನಾನು ಕೆಳಗೆ ಹೋಗಿದ್ದು. ಆಕ್ಸಲ್‌ಗೆ ಬೇರೆ ಜಾಕ್. ಊರಿನಲ್ಲಿ ಕಲ್ಲು, ಮರದ ತುಂಡು, ಹಳೆ ರಿಮ್ಮಿನ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ನುಗ್ಗುವ ಹುಡುಗರನ್ನು ನೋಡಿದ್ದೇನೆ. ಈಗ ನೆನೆಸಿಕೊಂಡರೆ ಬೆನ್ನು ತಣ್ಣಗಾಗುತ್ತದೆ.

ಶ್ಯಾಕಲ್ ಸಲೀಸಾಗಿ ಬಂತು. ಹಿಂದಿನ ದಿನವೇ ಬೋಲ್ಟ್‌ಗಳಿಗೆ ಎಣ್ಣೆ ಕುಡಿಸಿಟ್ಟಿದ್ದೆ. ಹ್ಯಾಂಗರ್ ಮಾತ್ರ ಚಾಸಿಗೆ ರಿವೆಟ್ ಹೊಡೆದು ಕೂರಿಸಿದ್ದು. ಬಿಚ್ಚಲು ಬೋಲ್ಟೇ ಇಲ್ಲ, ರಿವೆಟ್ಟಿನ ತಲೆ ಗ್ರೈಂಡರ್‌ನಲ್ಲಿ ಸವೆಸಿ, ಒಳಗಿನದನ್ನು ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಹೊರಗೆ ತಳ್ಳಬೇಕು. ನೋಡಿಯೇ ಸುಸ್ತಾಯಿತು. ಶ್ಯಾಕಲ್ ಮಾತ್ರ ಬದಲಿಸಿ, 2 ಇಂಚು ಸಾಕು ಸದ್ಯಕ್ಕೆ ಅಂತ ಟೈರ್ ಹಾಕಿಬಿಟ್ಟೆ.

ಮರುದಿನ ಹೆದ್ದಾರಿಗೆ ಹೋದೆ. ಗಂಟೆಗೆ 45 ಮೈಲಿ ದಾಟುತ್ತಿದ್ದ ಹಾಗೆ ಸೀಟಿನ ಕೆಳಗಿನಿಂದ ಒಂದು ನಡುಕ. ಬೇಗ ಬೇಗ, ಸಣ್ಣಗೆ, ಮೊಬೈಲ್ ವೈಬ್ರೇಟ್ ಆಗುವ ಹಾಗೆ. ಕಾಲು ತೆಗೆದರೆ ಕಮ್ಮಿ, ಒತ್ತಿದರೆ ಜಾಸ್ತಿ.

ಮನೆಗೆ ಬಂದು ಪೇಪರ್ ಪೆನ್ ಹಿಡಿದು ಕೂತೆ. ಆಕ್ಸಲ್ ಇರುವುದು ಪ್ಲೇಟ್‌ಗಳ ನಡುವೆ. ಒಂದು ತುದಿ 4 ಇಂಚು ಸರಿದರೆ ನಡುವಿಗೆ ಸಿಗುವುದು 2 ಇಂಚು. ಅಂದರೆ ಗಾಡಿ 2 ಇಂಚು ಇಳಿಯಲು ಹಿಂದಿನ ತುದಿ 4 ಇಂಚು ಸರಿದಿದೆ, ಮುಂದಿನ ತುದಿ ಇದ್ದಲ್ಲೇ ಇದೆ. ಪ್ಲೇಟ್‌ನ ಉದ್ದ ಸುಮಾರು 5 ಅಡಿ. ಅಷ್ಟು ಉದ್ದಕ್ಕೆ 4 ಇಂಚು ಓರೆಯಾದರೆ ಹತ್ತಿರ ಹತ್ತಿರ 4 ಡಿಗ್ರಿ. ಪ್ಲೇಟ್ ಓರೆಯಾದರೆ ಅದಕ್ಕೆ ಬಿಗಿದ ಆಕ್ಸಲ್ಲೂ ಓರೆ. ಆಕ್ಸಲ್‌ನ ನಡುವಿನ ಗೇರ್ ಡಬ್ಬಿ, ಅಂದರೆ ಡಿಫರೆನ್ಷಿಯಲ್‌ನ ಮೂತಿ ಅಷ್ಟು ಕೆಳಗೆ ಬಾಗಿತ್ತು. ಎಂಜಿನ್ ಕಡೆಯಿಂದ ಅದಕ್ಕೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್‌ನ ಎರಡು ತುದಿಯ ಜಾಯಿಂಟ್‌ಗಳು ಒಂದೇ ಅಳತೆಯ ಕೋನದಲ್ಲಿ, ಎದುರುಬದುರಾಗಿ ಇರಬೇಕು. ಆಗ ಒಂದರ ತಿರುಗುವ ವೇಗದ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಒಂದು ಮಾತ್ರ ಬಾಗಿದರೆ ಆ ಏರಿಳಿತ ನಡುಕವಾಗಿ ಸೀಟಿಗೆ ಬರುತ್ತದೆ.

ಅಂದರೆ ಹ್ಯಾಂಗರ್ ಬಿಟ್ಟು ಬರೀ ಶ್ಯಾಕಲ್ ಹಾಕಿದ್ದೇ ನಡುಕಕ್ಕೆ ಕಾರಣ. ಎರಡೂ ತುದಿ ಒಂದೇ ಅಳತೆಗೆ ಸರಿದಿದ್ದರೆ ಪ್ಲೇಟ್ ಓರೆಯೇ ಆಗುತ್ತಿರಲಿಲ್ಲ.

ಮುಂದಿನ ಶನಿವಾರ ಪೂರ್ತಿ ರಿವೆಟ್‌ಗೇ ಹೋಯಿತು. ಕಿಡಿ ಹಾರಿ ಅಂಗಿ ತೂತು, ಕೈ ಬೊಬ್ಬೆ. ಕೊನೆಯ ರಿವೆಟ್ ಠಣ್ ಅಂತ ನೆಲಕ್ಕೆ ಬಿದ್ದಾಗ ಪಕ್ಕದ ಮನೆಯವರು ಬೇಲಿಯ ಆಚೆಯಿಂದ ಚಪ್ಪಾಳೆ ಹೊಡೆದರು. ಆ ತೂತುಗಳಿಗೆ ಗಟ್ಟಿ ದರ್ಜೆಯ ಬೋಲ್ಟ್ ಹಾಕಿದೆ. ಪ್ಲೇಟ್‌ನ ತುದಿಯ ಬೋಲ್ಟ್‌ಗಳನ್ನು ಮಾತ್ರ ಗಾಡಿ ಗಾಳಿಯಲ್ಲಿರುವಾಗ ಪೂರ್ತಿ ಬಿಗಿಯಬಾರದು. ಚಕ್ರದ ಮೇಲೆ ಭಾರ ಬಿದ್ದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಒಳಗಿನ ರಬ್ಬರ್ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಾಸಿಗೂ ಆಕ್ಸಲ್‌ಗೂ ಜಾಗ ಕಮ್ಮಿಯಾದ್ದರಿಂದ ಗಿಡ್ಡ ಬಂಪ್ ಸ್ಟಾಪ್ (ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್ ತುಂಡು) ಮತ್ತು ಗಿಡ್ಡ ಶಾಕ್ ಅಬ್ಸಾರ್ಬರ್ ಬೇಕಾಯಿತು. ನಡುಕ ಹೋಯಿತು.

ಇದನ್ನೆಲ್ಲ ಕೇಳಿ ಅಣ್ಣ ಅಂದ: "ಇಷ್ಟು ಮಾಡೋ ಬದಲು ಎರಡು ಪ್ಲೇಟ್ ಕಿತ್ತು ಬಿಸಾಕೋದು ತಾನೇ. ಇಲ್ಲಾ ಗ್ಯಾಸಲ್ಲಿ ಕಾಯಿಸಿ ಬಗ್ಗಿಸೋದು."

ಇಲ್ಲಿಯೂ ಹಾಗೆ ಮಾಡುವವರಿದ್ದಾರೆ, ನಮ್ಮವರನ್ನು ಮಾತ್ರ ಅನ್ನಬೇಕಾಗಿಲ್ಲ. ಪ್ಲೇಟ್ ಕಿತ್ತರೆ ಹೊರುವ ಶಕ್ತಿ ಹೋಗುತ್ತದೆ. ಉಳಿದ ಪ್ಲೇಟ್‌ಗಳು ಜೋರಾಗಿ ಎಕ್ಸಲರೇಟರ್ ಕೊಟ್ಟಾಗ ಹಾವಿನ ಹಾಗೆ ಡೊಂಕಾಗುತ್ತವೆ. ಕಾಯಿಸುವುದು ಇನ್ನೂ ಕೆಟ್ಟದ್ದು. ಪ್ಲೇಟ್‌ಗೆ ಸ್ಪ್ರಿಂಗ್ ಗುಣ ಬಂದಿರುವುದೇ ಕಾರ್ಖಾನೆಯಲ್ಲಿ ಕೊಟ್ಟ ಹದದಿಂದ. ಬೆಂಕಿ ಹಿಡಿದರೆ ಆ ಹದ ಹೋಯಿತು. ಆಮೇಲೆ ಅದು ಇನ್ನೂ ಕುಸಿಯುತ್ತದೆ, ಇಲ್ಲ ಒಂದು ದಿನ ಮುರಿಯುತ್ತದೆ.

ನನಗೆ ಅನಿಸುವುದು ಇಷ್ಟು. ಊರಿನಲ್ಲಿ ಎತ್ತುವುದು ಹೊಟ್ಟೆಪಾಡಿಗೆ, ಇಲ್ಲಿ ಇಳಿಸುವುದು ಶೋಕಿಗೆ. ಅದನ್ನು ಹಿಡಿದು ಅವರು ಹೆಚ್ಚು ಇವರು ಕಮ್ಮಿ ಅನ್ನುವುದು ನನಗೆ ಇಷ್ಟವಿಲ್ಲ. ಆದರೆ ಇಬ್ಬರೂ ಮಾಡುವ ತಪ್ಪು ಒಂದೇ. ಪ್ಲೇಟ್ ಮುಟ್ಟಿದರೆ ಪ್ಲೇಟ್ ಮಾತ್ರ ಬದಲಾಯಿತು ಅಂದುಕೊಳ್ಳುತ್ತಾರೆ. ನಾನೂ ಒಂದು ವಾರ ಹಾಗೇ ಅಂದುಕೊಂಡಿದ್ದೆ.

ಪಕ್ಕದ ಮನೆಯವರ ಟೊಯೋಟವನ್ನೇ ನೋಡಿ. ಅದರಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಯಲ್ಲಿರುವ ಬ್ರೇಕ್ ವಾಲ್ವ್‌ಗೆ ಒಂದು ಕಡ್ಡಿ ಇದೆ. ಲೋಡ್ ಬಿದ್ದು ಚಾಸಿ ಕೆಳಗೆ ಬಂದರೆ ಕಡ್ಡಿ ತಿರುಗಿ, ವಾಲ್ವ್ ಹಿಂದಿನ ಬ್ರೇಕ್‌ಗೆ ಜಾಸ್ತಿ ಒತ್ತಡ ಬಿಡುತ್ತದೆ. ಖಾಲಿ ಇದ್ದಾಗ ಕಮ್ಮಿ. ಆದರೆ ಅವರು ಬ್ಲಾಕ್ ಹಾಕಿ ಇಳಿಸಿದ ಮೇಲೆ ವಾಲ್ವ್‌ಗೆ ಗಾಡಿ ಯಾವಾಗಲೂ ಲೋಡ್ ಆದ ಹಾಗೇ ಕಾಣುತ್ತಿತ್ತು. ಮೊದಲ ಮಳೆಗೆ ಬ್ರೇಕ್ ಒತ್ತಿದಾಗ ಖಾಲಿ ಗಾಡಿಯ ಹಿಂದಿನ ಚಕ್ರ ಲಾಕ್ ಆಗಿ, ಅರ್ಧ ಸುತ್ತು ಹೊಡೆದು ನಿಂತಿತಂತೆ. ತಪ್ಪು ಗಾಡಿಯದಲ್ಲ, ತಮ್ಮದೇ ಅಂತ ಅವರೇ ಹೇಳಿ ನಕ್ಕರು. ಆಮೇಲೆ ಕಡ್ಡಿಯ ಬ್ರಾಕೆಟ್ ಸರಿಸಿ ಅಳತೆ ಸರಿ ಮಾಡಿಕೊಂಡರಂತೆ.

ಇದನ್ನು ಕೇಳಿದ ರಾತ್ರಿ ಅಣ್ಣನ ಗಾಡಿ ನೆನಪಾಯಿತು. ಅವನದು ಇದರ ಉಲ್ಟಾ. ಜಾಸ್ತಿ ಪ್ಲೇಟ್ ಇರುವುದರಿಂದ ಪೂರ್ತಿ ಲೋಡ್ ಇದ್ದರೂ ಚಾಸಿ ಅಷ್ಟಾಗಿ ಕೆಳಗೆ ಬರುವುದಿಲ್ಲ. ಹಾಗಾದರೆ ವಾಲ್ವ್ ಅದನ್ನು ಖಾಲಿ ಗಾಡಿ ಅಂದುಕೊಳ್ಳುತ್ತದೆ. ಹಿಂದೆ ಬ್ರೇಕ್ ಜಾಸ್ತಿ ಬೇಕಾದ ಹೊತ್ತಿಗೇ ಕಮ್ಮಿ ಸಿಗುತ್ತದೆ. ಅದೂ ಘಾಟಿ ಇಳಿಯುವಾಗ.

ಫೋನ್ ಮಾಡಿದೆ. "ಅಣ್ಣ, ಒಂದ್ಸಲ ಟಾರ್ಚ್ ತಗೊಂಡು ಗಾಡಿ ಕೆಳಗೆ ನೋಡು. ಹಿಂದಿನ ಆಕ್ಸಲ್ ಹೌಸಿಂಗ್‌ನಿಂದ ಚಾಸಿಗೆ ಒಂದು ಸಣ್ಣ ಕಡ್ಡಿ ಹೋಗಿರುತ್ತೆ. ಇದೆಯಾ?"

ಸ್ವಲ್ಪ ಹೊತ್ತು ಬರೀ ಉಸಿರಾಡುವ ಸದ್ದು. ಆಮೇಲೆ ಅವನ ದನಿ, ಗಾಡಿಯ ಕೆಳಗಿನಿಂದ.

"ಇದೆ ಕಣೋ. ಆದ್ರೆ ಒಂದು ಕಡೆ ಬಿಚ್ಚಿಬಿಟ್ಟಿದಾರೆ. ತಂತಿ ಹಾಕಿ ಮೇಲಕ್ಕೆ ಕಟ್ಟಿದಾರೆ."

"ಯಾರು?"

"ಪ್ಲೇಟ್ ಹಾಕ್ದೋರೇ ಇರ್ಬೇಕು. ಅಡ್ಡ ಬಂತೇನೋ."