ಕೆ.ಜಿ. ಲೆಕ್ಕದ ಆನೆ

ಮೈಸೂರಿನ ಅಶೋಕ ರಸ್ತೆಯ ಆಭರಣದ ಅಂಗಡಿಯಲ್ಲಿ ಒಂದು ಜೊತೆ ಓಲೆ ಕೊಂಡರೆ, ಬಿಲ್ಲಿನಲ್ಲಿ ಚಿನ್ನದ ಬೆಲೆಯ ಕೆಳಗೆ ವೇಸ್ಟೇಜ್ ಎಂದು ಒಂದು ಸಾಲು, ಮಜೂರಿ ಎಂದು ಇನ್ನೊಂದು ಸಾಲು ಇರುತ್ತದೆ; ನಾವು ಒಂದಿಷ್ಟು ಚೌಕಾಸಿ ಮಾಡುತ್ತೇವೆಯೇ ಹೊರತು, ಆ ಸಾಲುಗಳು ಏಕಿರಬೇಕು ಎಂದು ಕೇಳುವುದಿಲ್ಲ. ಕುವೆಂಪುನಗರದ ನನ್ನ ಅಡುಗೆಮನೆಯಲ್ಲಿ ಕೇಕ್ ಮಾಡಿ ಮಾರತೊಡಗಿ ಆರು ವರ್ಷಗಳಾದರೂ, ಅವೆರಡನ್ನು ಚೀಟಿಯ ಮೇಲೆ ಬರೆದುಕೊಡುವ ಧೈರ್ಯ ನನಗಿನ್ನೂ ಬಂದಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ, ದಸರಾ ಆನೆಗಳು ಮರಳಿನ ಮೂಟೆ ಹೊತ್ತು ತಾಲೀಮು ನಡೆಸುತ್ತಿದ್ದ ದಿನಗಳಲ್ಲಿ, ಪರಿಚಯದವರೊಬ್ಬರು ಮಗನ ಐದನೆಯ ಹುಟ್ಟುಹಬ್ಬಕ್ಕೆ ಅಂಬಾರಿ ಹೊತ್ತ ಆನೆ ಅಭಿಮನ್ಯುವಿನ ಕೇಕು ಬೇಕೆಂದರು. ಮೂರು ಕೆ.ಜಿ., ಮೊಟ್ಟೆ ಇಲ್ಲದ್ದು. ಬೆಲೆಯ ಮಾತು ಬಂದಾಗ, “ಬೇಕರಿಯಲ್ಲಿ ಕೆ.ಜಿ.ಗೆ 800 ಇದೆಯಲ್ಲಾ ಅಕ್ಕ, ನಿಮ್ಮದು ಮನೇಲೇ ಮಾಡೋದು, ಇನ್ನೂ ಕಡಿಮೆ ಆಗ್ಬೇಕಲ್ವಾ?” ಎಂದು ನಕ್ಕರು. ನಾನೂ ನಕ್ಕೆ. ಅದೇ ನನ್ನ ತಪ್ಪು.

ಕೇಕಿನಲ್ಲಿ ಆನೆ ಮಾಡುವವರಿಗೆ ಮೊದಲ ಚಿಂತೆ ಕಾಲುಗಳದು. ಮೊಸರು, ಕಂಡೆನ್ಸ್ಡ್ ಮಿಲ್ಕ್ ಹಾಕಿ ಬೇಯಿಸಿದ ಮೆತ್ತನೆಯ ಕೇಕು ನಾಲ್ಕು ಕಾಲಿನ ಮೇಲೆ ತನ್ನ ಭಾರವನ್ನೇ ಹೊರಲಾರದು. ಆದ್ದರಿಂದ ಹಲಗೆಯಲ್ಲಿ ಮರದ ಕಡ್ಡಿಗಳನ್ನು ನೆಟ್ಟು, ಅವುಗಳ ಮೇಲೆ ಇನ್ನೊಂದು ತೆಳು ಹಲಗೆ ಕೂರಿಸಿ, ಅದರ ಮೇಲೆ ಹೊಟ್ಟೆಯನ್ನು ಇಡಬೇಕು. ಕಾಲಿಗೂ ಸೊಂಡಿಲಿಗೂ ನಾನು ಬಳಸಿದ್ದು ಕಡ್ಲೆಪುರಿಯನ್ನು ಕರಗಿಸಿದ ಬಿಳಿ ಚಾಕೊಲೇಟಿನಲ್ಲಿ ಕಲಸಿ ಒತ್ತಿದ ಮುದ್ದೆ. ಮಾರ್ಷ್‌ಮ್ಯಾಲೋ ಆಗಿದ್ದರೆ ಕೆಲಸ ಸುಲಭವಾಗುತ್ತಿತ್ತು, ಆದರೆ ಅದಕ್ಕೆ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಾಟಿನ್ ಹಾಕಿರುತ್ತಾರೆ. ಮೊಟ್ಟೆಯನ್ನೇ ಒಲ್ಲದ ಮನೆಗೆ ಅದನ್ನು ಹೇಗೆ ಕೊಡುವುದು?

ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ ಗಟ್ಟಿಯಾದ ಕೇಕನ್ನು ಹಲ್ಲುಚಾಕುವಿನಿಂದ ಕೆತ್ತಿ ಬೆನ್ನಿನ ಬಾಗು ತರುವಷ್ಟರಲ್ಲಿ ಮುಕ್ಕಾಲು ಕೆ.ಜಿ.ಯಷ್ಟು ಚೂರು ತಟ್ಟೆಗೆ ಬಿದ್ದಿತ್ತು. ಅತ್ತೆಯವರು ಅದನ್ನು ಕಾಫಿಯ ಜೊತೆ ತಿನ್ನುತ್ತಾ, “ಇದಕ್ಕೂ ದುಡ್ಡು ತಗೋತೀಯೇನಮ್ಮಾ?” ಎಂದರು. ವೇಸ್ಟೇಜ್ ಎಂದರೆ ಇದೇ ಅತ್ತೆ ಎಂಬ ಮಾತು ಬಾಯಿಯವರೆಗೆ ಬಂದು ನಿಂತಿತು.

ಫಾಂಡೆಂಟ್ ಎಂಬ ಸಕ್ಕರೆಯ ಹೊದಿಕೆಯ ಕೆಳಗೆ ಹಾಲಿನ ಕೆನೆಯಂಥ ನೊರೆ ಕ್ರೀಮ್ ನಡೆಯದು, ಅದರ ನೀರಿಗೆ ಹೊದಿಕೆ ಕರಗಿ ಜಾರುತ್ತದೆ. ಎರಡು ಪಾಲು ಡಾರ್ಕ್ ಚಾಕೊಲೇಟಿಗೆ ಒಂದು ಪಾಲು ಕ್ರೀಮ್ ಬೆರೆಸಿದ ಗನಾಶ್ ಬಳಿದು, ಅದು ಬಿಗಿದ ಮೇಲೆ ಲಟ್ಟಿಸಿದ ಹೊದಿಕೆಯನ್ನು ಹೊದಿಸಬೇಕು. ತಡಮಾಡಿದರೆ ಮೇಲ್ಮೈ ಒಣಗಿ ಸಣ್ಣ ಸಣ್ಣ ಸುಕ್ಕು ಬೀಳುತ್ತದೆ. ಈ ದೋಷವನ್ನು ಕೇಕ್ ಮಾಡುವವರು ಆನೆಚರ್ಮ ಎಂದೇ ಹಳಿಯುತ್ತಾರೆ. ನನ್ನ ಕೈಯಿಂದ ಆರು ವರ್ಷಗಳಲ್ಲಿ ಬಿದ್ದ ಸುಕ್ಕುಗಳ ಪೈಕಿ ಮೆಚ್ಚುಗೆ ಪಡೆದವು ಅಂದಿನವು ಮಾತ್ರ.

ಲೆಕ್ಕಕ್ಕೆ ಕುಳಿತಾಗ ಸಾಮಾನಿಗೆ 2,300 ರೂಪಾಯಿ, ಕೆಲಸಕ್ಕೆ 17 ಗಂಟೆ ಆಗಿದ್ದವು. ಬೇಕರಿಯ ದರದಂತೆ ಮೂರು ಕೆ.ಜಿ.ಗೆ 2,400 ತೆಗೆದುಕೊಂಡರೆ ಉಳಿಯುವುದು ನೂರು. ಗಂಟೆಗೆ ಆರು ರೂಪಾಯಿಯೂ ಬೀಳುವುದಿಲ್ಲ. ಗಂಟೆಗೆ 200 ಎಂದು ಹಿಡಿದು 5,700 ಎಂದು ಬರೆದೆ, ಫೋನಿನಲ್ಲಿ ಮಾತ್ರ 4,500 ಎಂದೆ. ಸಂಕ್ರಾಂತಿಗೆ ನಮ್ಮಜ್ಜಿ ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ನೆನೆಸಿದ ಮರದ ಅಚ್ಚುಗಳಿಗೆ ಹೊಯ್ದು, ಆನೆ, ಗಿಳಿ, ತುಳಸಿಕಟ್ಟೆಗಳನ್ನು ದಿನಗಟ್ಟಲೆ ಮಾಡುತ್ತಿದ್ದರು. ಅವೆಲ್ಲ ಎಳ್ಳುಬೆಲ್ಲದ ಜೊತೆ ಬೀದಿಯ ಮನೆಮನೆಗೂ ಹೋಗುತ್ತಿದ್ದವು. ಸಕ್ಕರೆಯ ಆನೆಗೆ ಬೆಲೆ ಹೇಳುವಾಗ ನನ್ನ ನಾಲಿಗೆ ತೊದಲುವುದು ಆ ಅಭ್ಯಾಸದಿಂದಲೇ ಇರಬೇಕು.

ಜಂಬೂಸವಾರಿ ಅರಮನೆಯಿಂದ ಬನ್ನಿಮಂಟಪಕ್ಕೆ ಸಾಗುವುದು ಸುಮಾರು 5 ಕಿ.ಮೀ.; ಕೇಕು ತಲುಪಿಸಬೇಕಿದ್ದ ಜಯಲಕ್ಷ್ಮೀಪುರಂಗೆ ನಮ್ಮ ದಾರಿಯೂ ಹೆಚ್ಚುಕಡಿಮೆ ಅಷ್ಟೇ. ನಿಜವಾದ ಅಂಬಾರಿ 750 ಕೆ.ಜಿ., ನನ್ನದು ತಿನ್ನುವ ಚಿನ್ನದ ಪುಡಿ ಸವರಿದ 140 ಗ್ರಾಂ. ಆದರೂ ಪ್ರತಿ ರಸ್ತೆ ಉಬ್ಬಿನಲ್ಲೂ ನನ್ನವರು ಕಾರನ್ನು ಮಾವುತನಿಗಿಂತ ಮೆಲ್ಲಗೆ ನಡೆಸಿದರು.

ಫ್ರಿಜ್ಜಿನ ತಣ್ಣನೆಯ ಕೇಕಿಗೆ ಅಂದಿನ ಮಳೆಗಾಲದ ಗಾಳಿ ತಾಗಿ ಮೈಯೆಲ್ಲ ಬೆವರಿತ್ತು. ಮೇಜಿನ ಮೇಲಿಟ್ಟು ಪೆಟ್ಟಿಗೆ ತೆರೆದರೆ ಎಡಗಣ್ಣಿನ ಕಪ್ಪು ಬಣ್ಣ ಕರಗಿ ಕೆನ್ನೆಯ ಮೇಲೆ ಗೆರೆಯಾಗಿ ಇಳಿದಿದೆ. ನಾನು ಕರವಸ್ತ್ರ ಹುಡುಕುತ್ತಿದ್ದೆ. ಹುಡುಗನ ತಾತ ಕನ್ನಡಕ ಏರಿಸಿ ನೋಡಿ, “ಆನೆಗೆ ಮದ ಬಂದಿದೆ ಕಣೋ, ಇದನ್ನ ಮೆರವಣಿಗೆಗೆ ಬಿಡೋದಿಲ್ಲ” ಎಂದರು. ಹುಡುಗ ಗಂಭೀರವಾಗಿ ಎರಡು ಹೆಜ್ಜೆ ಹಿಂದೆ ಸರಿದ.

ಹೊರಡುವಾಗ ಹುಡುಗನ ಮನೆಯವರು ಅರಿಶಿನ ಕುಂಕುಮ ಕೊಟ್ಟು, ತಟ್ಟೆಯಲ್ಲಿ 4,500 ರೂಪಾಯಿಯ ಮೇಲೆ ಎಲೆ ಅಡಿಕೆ, ಅದರ ಮೇಲೆ ಒಂದು ರವಿಕೆ ಕಣ ಇಟ್ಟು ಕೈಗಿತ್ತರು. ಕಾರಿನಲ್ಲಿ ನನ್ನವರು ಕಣವನ್ನು ಬೆರಳಿನಿಂದ ಮುಟ್ಟಿ ನೋಡಿ, “ಇದನ್ನ ಯಾವ ಸಾಲಿಗೆ ಬರ್ಕೋತೀಯ, ಮಜೂರಿಗೋ ವೇಸ್ಟೇಜಿಗೋ?” ಎಂದು ಕೇಳಿದರು.